ಬೀದರಿನಲ್ಲಿ ಒಂದು ವ್ಯಾಪಾರ

ಪರಸ್ಥಳಕ್ಕೆ ಹೋದವನು ಬರಿಗೈಯಲ್ಲಿ ಮನೆಗೆ ಹಿಂದಿರುಗಕೂಡದೆಂಬ ವಿಧಿಯನ್ನು ಯಾವ ಧರ್ಮಶಾಸ್ತ್ರಕಾರನೂ ಬರೆದಿಟ್ಟಂತೆ ಕಾಣೆ. ಆದರೂ ಮನು ಯಾಜ್ಞವಲ್ಕ್ಯರ ಎಷ್ಟೋ ವಿಧಿಗಳನ್ನು ಗಾಳಿಗೆ ತೂರಿರುವ ನಮ್ಮ ಜನ ಈ ಅಲಿಖಿತ ವಿಧಿಯೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಾರೆ. ಹಿಂದೆ ಕಾಶಿಗೆ ಹೋಗಿ ಬಂದವರು ಬಾಯಿಗೆ ಬೆಸುಗೆ ಹಾಕಿಸಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನೂ, ಬಂಧುಬಳಗದ ಮಕ್ಕಳಿಗೆಂದು ಕಾಶೀದಾರದ ಕಟ್ಟನ್ನೂ ತಪ್ಪದೆ ತರುತ್ತಿದ್ದರು. ಆ ಗಿಂಡಿ ದೇವರ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಮೌನವಾಗಿ ಕುಳಿತಿದ್ದು, ಮನೆಯ ಹಿರಿಯರೊಬ್ಬರ ಅಂತ್ಯಕಾಲದಲ್ಲಿ ಬೆಸುಗೆ ಒಡೆಸಿಕೊಂಡು, ಅವರ ನಾಲಗೆಗೆ ಒಂದು ಹನಿಯಾಗಿ ಇಳಿದು ಕೃತಾರ್ಥವಾಗುತ್ತಿತ್ತು. ತಿರುಪತಿಯಿಂದ ಲಡ್ಡು, ಪಂಡರಪುರದಿಂದ ಬುಕ್ಕಿಟ್ಟು, ಮಂತ್ರಾಲಯದಿಂದ ಮೃತ್ತಿಕೆ: ಯಾತ್ರಿಕನು ಹೊತ್ತು ತರುತ್ತಿದ್ದುದು ನೀರಾಗಲಿ ತಿನಿಸಾಗಲಿ ಮಣ್ಣಾಗಲಿ, ಅದು ಆ ಕ್ಷೇತ್ರದ್ದೇ ಒಂದು ಅಂಶವಾಗಿರುತ್ತಿತ್ತು, ಬೇರೆಡೆ ಸಿಕ್ಕುವ ಅದೇ ಪದಾರ್ಥವನ್ನು ತಂದಿದ್ದರೆ ಮನೆಯವರು ಅದನ್ನು ಹೊಸ್ತಿಲೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರೆಂದು ನಾನು ನಂಬಲಾರೆ.

ಯಾತ್ರಿಕನ ಸ್ಥಾನಕ್ಕೆ ಈಗ ಪ್ರವಾಸಿ ಬಂದಿದ್ದಾನೆ. ದೇವರ ಮನೆಯ ಮೂಲೆಗೆ ಪ್ರತಿಯಾಗಿ ನಡುಮನೆಯಲ್ಲಿ ಗಾಜಿನ ಬಾಗಿಲಿನ ಷೋಕೇಸೆಂಬುದೊಂದು ಸ್ಥಾಪಿತವಾಗಿದೆ. ಮಧ್ಯಮವರ್ಗದ ಯಾವ ಮನೆಗೇ ಹೋಗಿ, ಕಾಫಿ ಬರುವ ತನಕ ಕಾಲಯಾಪನೆಗೆಂದು ಅದರೆದುರು ನಿಂತರೆ, ಆ ಕುಟುಂಬದ ಸಂಚಾರದ ಸಮಗ್ರ ಇತಿಹಾಸ ಅಲ್ಲಿ ಪದರ ಪದರವಾಗಿ ಕಾಣಸಿಗುತ್ತದೆ: ಮೇಲಿನ ಹಲಗೆಯ ಮೇಲೆ ಆಗ್ರಾದ ತಾಜಮಹಲು, ಅದರ ಪಕ್ಕದಲ್ಲಿ ಸೊಂಡಿಲು ಮುರಿದ ಮೈಸೂರಿನ ಆನೆ, ಕೆಳಗೆ ಕನ್ಯಾಕುಮಾರಿಯ ಕಪ್ಪೆಚಿಪ್ಪುಗಳನ್ನು ಅಂಟಿಸಿ ಮಾಡಿದ ಗಣಪತಿ, ಅದರ ಬೆನ್ನಿಗೆ ಯಾವ ಊರಿನದೆಂದು ಮನೆಯವರಿಗೂ ಮರೆತುಹೋಗಿರುವ ಒಂದು ಹಿತ್ತಾಳೆಯ ದೋಣಿ. ಇವುಗಳಿಗೆ ಪೂಜೆಯಿಲ್ಲ, ಉಪಯೋಗವಿಲ್ಲ. ವರ್ಷಕ್ಕೊಮ್ಮೆ, ಗೌರೀಹಬ್ಬದ ಹಿಂದಿನ ದಿನ, ಧೂಳಿನಿಂದ ವಿಮೋಚನೆಯುಂಟು.

ಇದರಲ್ಲಿ ನನಗೆ ಆಕ್ಷೇಪಣೀಯವಾಗಿ ತೋರುವುದು ನಿರುಪಯುಕ್ತತೆಯಲ್ಲ. ನಿರುಪಯುಕ್ತ ವಸ್ತುಗಳಿಲ್ಲದ ಮನೆ ಮಠವಾದೀತೇ ಹೊರತು ಮನೆಯಾಗಲಾರದು. ಆಕ್ಷೇಪವಿರುವುದು, ಪ್ರವಾಸಿಗಳು ಬರುವ ಯಾವ ಸಣ್ಣ ಊರಿಗೆ ಹೋದರೂ, ಬಸ್ಸಿನ ನಿಲ್ದಾಣದಿಂದ ಪ್ರೇಕ್ಷಣೀಯ ಸ್ಥಳದ ಮಹಾದ್ವಾರದವರೆಗಿನ ಅಂಗಡಿಗಳಲ್ಲಿ ಅವೇ ಬೀಗದ ಕೈಗೊಂಚಲುಗಳು, ಅವೇ ಪ್ಲಾಸ್ಟಿಕ್ಕಿನ ಮಣಿಸರಗಳು, ಅವೇ ಟೋಪಿಗಳು, ಅಕ್ಕಿಕಾಳಿನ ಮೇಲೆ ಹೆಸರು ಬರೆದುಕೊಡುವ ಅವನೇ ತರುಣ ಕಣ್ಣಿಗೆ ಬೀಳುವುದರಲ್ಲಿ. ಊಟಿಯ ಅಂಗಡಿಯನ್ನು ರಾತ್ರೋರಾತ್ರಿ ಎತ್ತಿ ಹಂಪೆಯಲ್ಲಿಟ್ಟರೆ, ಊರಿನ ಹೆಸರು ಅಚ್ಚಾದ ಚೀಟಿಗಳನ್ನು ಬದಲಿಸುವ ಕೆಲಸವೊಂದನ್ನು ಬಿಟ್ಟು ಅಂಗಡಿಯವನಿಗೆ ಬೇರೆ ತೊಂದರೆಯಿಲ್ಲ. ನಮ್ಮ ನಾಡಿನಲ್ಲಿ ಇದಕ್ಕೆ ಅಪವಾದಗಳಿಲ್ಲದಿಲ್ಲ. ಚನ್ನಪಟ್ಟಣದ ಅರಗಿನ ಬೊಂಬೆ, ಸಾಗರ ಸೊರಬಗಳ ಗುಡಿಗಾರರ ಗಂಧದ ಕೆತ್ತನೆ, ಕೊಪ್ಪಳದ ಬಳಿಯ ಕಿನ್ನಾಳದ ಬಣ್ಣದ ವಿಗ್ರಹ, ಗೋಕಾಕದ ಮರದ ಹಣ್ಣುಗಳು, ಇಳಕಲ್ಲಿನ ಸೀರೆ ಇವೆಲ್ಲ ತಮ್ಮ ತಮ್ಮ ಊರುಗಳ ಕೈವಾಡವನ್ನು ಮೈಮೇಲೆ ಹೊತ್ತವು. ಆದರೆ ಊರಿನ ಕೈ ಮಾತ್ರವಲ್ಲದೆ ಊರಿನ ನೆಲವೂ ಸೇರದಿದ್ದರೆ ಸಿದ್ಧವಾಗದ ಪದಾರ್ಥ, ಹಳೆಯ ಕಾಲದ ಯಾತ್ರಿಕನು ತರುತ್ತಿದ್ದ ಗಂಗೆಯ ಜಾತಿಗೆ ಸೇರಿದ ಪದಾರ್ಥ, ನಾನು ಕಂಡ ಮಟ್ಟಿಗೆ ಒಂದೇ; ಅದು ಬೀದರಿನ ಬಿದರಿ ಸಾಮಾನು.

ಬೀದರು ನಮ್ಮ ರಾಜ್ಯದ ಉತ್ತರದ ತುತ್ತತುದಿ. 1956ರ ಏಕೀಕರಣದವರೆಗೆ ಹೈದರಾಬಾದು ರಾಜ್ಯದಲ್ಲಿದ್ದು ಆಮೇಲೆ ನಮ್ಮನ್ನು ಕೂಡಿಕೊಂಡ ಈ ಊರು ಇಂದಿಗೂ ಬೆಂಗಳೂರಿಗಿಂತ ಹೈದರಾಬಾದಿಗೇ ಬಹಳ ಹತ್ತಿರ. ಮೈಸೂರಿನ ಕಡೆಯವನಾದ ನಾನು ಅಲ್ಲಿಗೆ ಹೋದದ್ದು ಸ್ನೇಹಿತರೊಬ್ಬರ ಜೊತೆಯಲ್ಲಿ. ಆಯುಷ್ಯದ ಬಹುಭಾಗವನ್ನು ಸರ್ಕಾರದ ಲೆಕ್ಕಪತ್ರಗಳ ತಪಾಸಣೆಯಲ್ಲಿ ಸವೆಸಿ ನಿವೃತ್ತರಾದ ಈ ಮಹನೀಯರು, ವೃತ್ತಿಯಿಂದ ಬಿಡುಗಡೆ ಹೊಂದಿದ್ದರೂ ಪ್ರವೃತ್ತಿಯಿಂದ ಹೊಂದಿಲ್ಲ. ಹೋಟೆಲಿನ ಬಿಲ್ಲನ್ನು ಅವರು ಕೆಳಗಿನಿಂದ ಮೇಲಕ್ಕೊಮ್ಮೆ, ಮೇಲಿನಿಂದ ಕೆಳಕ್ಕೊಮ್ಮೆ ಕೂಡಿ ನೋಡಿದ ಹೊರತು ಮೇಜಿನಿಂದ ಏಳುವುದಿಲ್ಲ. ಇಂಥವರೊಡನೆ ಅಂಗಡಿಗೆ ಹೋಗುವುದೆಂದರೆ ನ್ಯಾಯಾಲಯಕ್ಕೆ ವಕೀಲರನ್ನು ಕರೆದೊಯ್ದಂತೆ: ಗೆಲ್ಲುವ ಭರವಸೆಯುಂಟು, ಬೇಗ ಮುಗಿಯುವ ಭರವಸೆಯಿಲ್ಲ.

ಊರಿನ ಪ್ರೇಕ್ಷಣೀಯಗಳ ವಿಚಾರವಾಗಿ ಇಲ್ಲಿ ಹೆಚ್ಚು ಬರೆಯಲಾರೆ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನೆಂಬುದು, ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಇಲ್ಲೊಂದು ಭವ್ಯವಾದ ವಿದ್ಯಾಲಯವನ್ನು ಕಟ್ಟಿಸಿದನೆಂಬುದು, 1481ರಲ್ಲಿ ಶತ್ರುಗಳ ಪಿತೂರಿಯಿಂದ ತನ್ನ ಒಡೆಯನ ಆಜ್ಞೆಯಿಂದಲೇ ಆತನ ತಲೆ ಹೋಯಿತೆಂಬುದು ಶಾಲೆಯ ಪುಸ್ತಕಗಳಲ್ಲಿಯೂ ಉಂಟು. ಔರಂಗಜೇಬನ ಕಾಲದಲ್ಲಿ ಸಿಡಿಮದ್ದಿನ ಸ್ಫೋಟದಿಂದ ಆ ವಿದ್ಯಾಲಯದ ಮುಂಭಾಗ ಅರ್ಧಕ್ಕರ್ಧ ಹಾರಿಹೋಗಿ, ಉಳಿದ ಒಂದು ಮಿನಾರಿನ ಮೇಲೆ ನೀಲಿ ಬಿಳಿಯ ಹೊಳಪುಬಿಲ್ಲೆಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಕೋಟೆಯೊಳಗಿನ ರಂಗೀನ್ ಮಹಲನ್ನು ಮಾತ್ರ ಹೆಸರಿಸದೆ ಮುಂದಕ್ಕೆ ಹೋಗಲಾಗದು. ಬರೀದಷಾಹಿಗಳ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಅದನ್ನು ಅಲಂಕರಿಸಿದ ಕುಶಲಿಗಳು ಕಾಡಿಗೆಯಷ್ಟು ಕಪ್ಪಾದ ಕಲ್ಲನ್ನು ಕೊರೆದು ಅದರೊಳಗೆ ಮುತ್ತಿನ ಚಿಪ್ಪಿನ ಬಿಲ್ಲೆಗಳನ್ನು ಕೂರಿಸಿ ಬಳ್ಳಿಗಳನ್ನೂ ಅಕ್ಷರಗಳನ್ನೂ ಬಿಡಿಸಿದ್ದಾರೆ. ಮಂದವಾದ ಬೆಳಕಿನಲ್ಲಿ ಆ ಕಪ್ಪಿನ ಮೇಲೆ ಆ ಬಿಳುಪು ಮಿನುಗುವುದನ್ನು ನೋಡಿ ಹೊರಬಂದವನ ಕಣ್ಣು, ಪೇಟೆಯಲ್ಲಿ ತಾನು ಕಾಣಲಿರುವುದಕ್ಕೆ ಆಗಲೇ ಸಿದ್ಧವಾಗಿಬಿಟ್ಟಿರುತ್ತದೆ. ಒಂದು ಊರಿನ ಜನಕ್ಕೆ ಕರಿದರ ಮೇಲೆ ಬಿಳಿದನ್ನು ಕೂರಿಸುವ ಚಪಲ ಹೀಗೆ ಕಲ್ಲಿನಲ್ಲಿಯೂ ಲೋಹದಲ್ಲಿಯೂ ತಲೆಮಾರುಗಟ್ಟಲೆ ಉಳಿದುಬಂದದ್ದು ಸೋಜಿಗದ ಸಂಗತಿಯೇ ಸರಿ.

ಊರ ನಡುವೆ ನಾಲ್ಕು ಬೀದಿಗಳು ಕೂಡುವಲ್ಲಿ ಚೌಬಾರಾ ಎಂಬ ಗುಂಡನೆಯ ಎತ್ತರವಾದ ಕಾವಲುಗೋಪುರವಿದೆ. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿಯೂ ಅಕ್ಕಪಕ್ಕದ ಓಣಿಗಳಲ್ಲಿಯೂ ಬಿದರಿಯ ಅಂಗಡಿಗಳುಂಟು. ಹೊರಡುವಾಗ ಮನೆಯವಳು ಕೊಟ್ಟ ಪಟ್ಟಿ ನನ್ನ ಜೇಬಿನಲ್ಲಿತ್ತು: ನಾದಿನಿಗೊಂದು, ಎದುರುಮನೆಯವರಿಗೊಂದು, ಮಗಳ ಅತ್ತೆಯವರಿಗೆ “ಸ್ವಲ್ಪ ನೋಡುವ ಹಾಗಿರುವುದು” ಒಂದು. ಇಂಥ ಪಟ್ಟಿಗಳಲ್ಲಿ ವಸ್ತುವಿನ ಹೆಸರಿರುವುದಿಲ್ಲ. ಪಡೆಯುವವರ ಹೆಸರೂ ಅವರ ಸ್ಥಾನಮಾನದ ಸೂಚನೆಯೂ ಮಾತ್ರ ಇರುತ್ತವೆ. ಮೊದಲನೆಯ ಅಂಗಡಿಯಲ್ಲಿ ಕೈಗೊಂಚಲು, ಗುಂಡಿ, ಬಳೆ, ಕಿವಿಯೋಲೆ, ಪೇಪರ್‌ವೆಯ್ಟು ಇತ್ಯಾದಿ ಸಣ್ಣ ಸಾಮಾನುಗಳನ್ನು ಕೊಂಡು ಪಟ್ಟಿಯ ಮುಕ್ಕಾಲು ಭಾಗವನ್ನು ನಿಮಿಷಾರ್ಧದಲ್ಲಿ ನಿವಾರಿಸಿಕೊಂಡೆ. ಅಂಗಡಿಯ ತರುಣನನ್ನು “ಇದನ್ನೆಲ್ಲ ಮಾಡುವುದೆಲ್ಲಿ?” ಎಂದು ಕೇಳಿದ್ದಕ್ಕೆ ಆತ ಹಿಂದಿನ ಓಣಿಯ ಕಡೆಗೆ ಬೊಟ್ಟು ಮಾಡಿ, “ನೋಡೂದಿದ್ರ ಹೋಗ್ರಿ, ನಮ್ಮ ಚಾಚಾ ಕುಂತಾರ” ಎಂದನು. ಗಿರಾಕಿಯನ್ನು ಅಂಗಡಿಯಿಂದ ಹೊರಗೆ ಕಳುಹಿಸುವ ಅಂಗಡಿಯವನನ್ನು ನಾನು ಅದೇ ಮೊದಲು ಕಂಡದ್ದು.

ಕಮ್ಮಟವೆಂದರೆ ತಗ್ಗಾದ ಬಾಗಿಲಿನ ಒಂದು ಕೋಣೆ, ಅದರ ಹಿಂದೆ ಒಂದು ಅಂಗಳ. ಕಿಟಕಿಯ ಬೆಳಕಿಗೆ ಮುಖ ಮಾಡಿ ನೆಲದ ಮೇಲೆ ಕುಳಿತಿದ್ದ ಮುದುಕರು ತಲೆಯೆತ್ತದೆಯೇ, “ಬರ್ರಿ, ಒಳಗ ಬರ್ರಿ. ಕುಂದ್ರಿ. ಚಾ ತಗೋತೀರಿ?” ಎಂದರು. ಆ ಕಡೆಯ ಕನ್ನಡದಲ್ಲಿ ಉರ್ದುವೂ ಮರಾಠಿಯೂ ತೆಲುಗೂ ಬೆರೆತು ಕೇಳುವವನಿಗೆ ಮೊದಲು ಸ್ವಲ್ಪ ಗಲಿಬಿಲಿಯಾದರೂ, ಅದರಲ್ಲಿರುವ ಆದರ ಮಾತ್ರ ಅನುವಾದವನ್ನು ಬೇಡುವುದಿಲ್ಲ. ಕೋಣೆಯ ಇನ್ನೊಂದು ಮೂಲೆಯಲ್ಲಿ ಅವರ ಸೊಸೆ, ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು, ತಾನು ಹಿಡಿದಿದ್ದ ಬೆಳ್ಳಿಯ ತಂತಿಯಿಂದ ಕಣ್ಣನ್ನು ತೆಗೆಯದೆ ಕೆಲಸದಲ್ಲಿ ತೊಡಗಿದ್ದಳು.

ಚಹಾ ಬರುವುದರೊಳಗೆ ಹಿರಿಯರು ಒಂದೊಂದಾಗಿ ತೋರಿಸುತ್ತ ಹೋದರು. ಬಿದರಿಯ ಒಡಲು ಬೆಳ್ಳಿಯಲ್ಲ, ಕಬ್ಬಿಣವೂ ಅಲ್ಲ, ಅದು ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲಿನಷ್ಟು ತಾಮ್ರವನ್ನು ಕೂಡಿಸಿ ಕರಗಿಸಿ, ಹರಳೆಣ್ಣೆ ರಾಳಗಳನ್ನು ಬೆರೆಸಿದ ಮಣ್ಣಿನ ಅಚ್ಚಿನೊಳಗೆ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಹೊರಬಂದ ಪಾತ್ರೆಗೆ ಆಗ ಯಾವ ಚೆಲುವೂ ಇಲ್ಲ. ಬೂದುಬಣ್ಣದ, ಒರಟು ಮೈಯ ಒಂದು ಗಟ್ಟಿ. ಅದನ್ನು ಚರಕಿಗೆ ಕೊಟ್ಟು, ಅರದಿಂದ ಉಜ್ಜಿ, ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರನ್ನು ಸವರುತ್ತಾರೆ. ಆ ನೀರಿನಿಂದ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಈ ಕಪ್ಪು ಕೊನೆಯ ಕಪ್ಪಲ್ಲ, ಗೀರಿದ ಗೆರೆ ಕಣ್ಣಿಗೆ ಕಾಣಲೆಂದು ಹಾಕಿಕೊಂಡ ಹಲಗೆ ಮಾತ್ರ. ಅದರ ಮೇಲೆ ಉಕ್ಕಿನ ಮೊನೆಯಿಂದ, ಕೈವಾರವಾಗಲಿ ಕಾಗದದ ಪಡಿಯಚ್ಚಾಗಲಿ ಇಲ್ಲದೆಯೇ, ಹಿರಿಯರು ಗಸಗಸೆ ಗಿಡದ ಒಂದು ಹೂವನ್ನೂ ಅದರ ಬಳುಕುವ ದಂಟನ್ನೂ ನಮ್ಮೆದುರಿನಲ್ಲೇ ಬಿಡಿಸಿದರು. ಹೂಜಿಯ ಹೊಟ್ಟೆ ಸುತ್ತಲೂ ಗುಂಡಾಗಿರುವಾಗ, ಆರಂಭಿಸಿದ ಬಳ್ಳಿ ಒಂದು ಸುತ್ತು ಹಾಕಿ ಬಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ತನ್ನ ತುದಿಯನ್ನು ತಾನೇ ಸೇರಬೇಕಷ್ಟೆ. ಅಳತೆಗೋಲನ್ನು ಮುಟ್ಟದ ಆ ಕೈಗೆ ಇದು ಹೇಗೆ ಸಾಧ್ಯವಾಯಿತೆಂದು ನಾನು ಕೇಳಿದ್ದಕ್ಕೆ ಅವರು ಉತ್ತರವಾಗಿ ನಕ್ಕರು.

ಆಮೇಲೆ ಉಳಿಯ ಕೆಲಸ. ಗೀರಿದ ಗೆರೆಗಳ ಜಾಡು ಹಿಡಿದು, ಸಣ್ಣ ಸುತ್ತಿಗೆಯ ಏಟಿನಿಂದ ಚೂಪಾದ ಉಳಿಯನ್ನು ಮುಂದೂಡುತ್ತ ಲೋಹವನ್ನು ಕೊರೆಯುತ್ತಾರೆ. ಕೊರೆದ ಕಾಲುವೆಯೊಳಕ್ಕೆ ಬೆಳ್ಳಿಯ ತಂತಿಯನ್ನು ಒತ್ತಿ ಬಡಿದು ಕೂರಿಸಿದರೆ ಅದು ತಾರ್‌ಕಶಿ. ಎಲೆಯ ಅಥವಾ ದಳದ ಆಕಾರದಷ್ಟು ಅಗಲವಾಗಿ ತೋಡಿ ಅದರೊಳಗೆ ಬೆಳ್ಳಿಯ ತಗಡನ್ನು ಕತ್ತರಿಸಿ ಕೂರಿಸಿದರೆ ತೆಹ್‌ನಿಶಾನ್. ಅಂಟಾಗಲಿ ಬೆಸುಗೆಯಾಗಲಿ ಇಲ್ಲ. ಸತುವು ಬೆಳ್ಳಿಯನ್ನು ಹಿಡಿದುಕೊಂಡಿರುವುದು ಕೊರೆತದ ಅಂಚಿನ ಬಿಗಿಯಿಂದಲೇ. ಸೊಸೆ ಮಾಡುತ್ತಿದ್ದುದು ಈ ಕೆಲಸ. ತಲೆಗೂದಲಿಗಿಂತ ಹೆಚ್ಚು ದಪ್ಪವಲ್ಲದ ತಂತಿಯನ್ನು ಆಕೆ ಉಗುರಿನ ತುದಿಯಿಂದ ಕಾಲುವೆಗೆ ಇಳಿಸಿ, ತಿರುವು ಬಂದಲ್ಲಿ ಬಾಗಿಸಿ, ಎಳೆ ಮುಗಿದಲ್ಲಿ ಕತ್ತರಿಸಿ, ಮೆತ್ತನೆ ಬಡಿಯುತ್ತಿದ್ದಳು. ಅರ್ಧ ಗಂಟೆಯಲ್ಲಿ ಒಂದು ಎಲೆ ಮುಗಿದಿತ್ತು. ಎರಕದವನು ಬೇರೆ, ಕೊರೆಯುವವನು ಬೇರೆ, ಬೆಳ್ಳಿ ಕೂರಿಸುವವರು ಬೇರೆ, ಕೊನೆಗೆ ಬಣ್ಣ ಬರಿಸುವವನು ಬೇರೆ. ಚಿಕ್ಕದೊಂದು ಡಬ್ಬಿಯಾದರೂ ನಾಲ್ಕು ಜೊತೆ ಕೈಗಳನ್ನು ದಾಟದೆ ಅಂಗಡಿಯ ಹಲಗೆಯನ್ನು ಮುಟ್ಟುವುದಿಲ್ಲ.

ಬೆಳ್ಳಿ ಕೂರಿಸಿ ಆದ ಮೇಲೆ ಮತ್ತೊಮ್ಮೆ ಅರದಿಂದ ಉಜ್ಜುತ್ತಾರೆ. ತಾತ್ಕಾಲಿಕವಾದ ಕಪ್ಪೆಲ್ಲ ಹೋಗಿ, ಬೆಳ್ಳಿಗೂ ಸತುವಿಗೂ ಭೇದವೇ ತೋರದಂತೆ ಇಡೀ ಪಾತ್ರೆ ಬೆಳ್ಳಗೆ ಮಸುಕಾಗಿಬಿಡುತ್ತದೆ. ಅಷ್ಟು ದಿನಗಳ ಶ್ರಮ ಕಣ್ಣೆದುರಿಗೇ ಅಳಿಸಿಹೋದಂತೆ ತೋರುವ ಘಟ್ಟ ಇದು. ಇಲ್ಲಿಗೆ ಕೋಟೆಯ ಮಣ್ಣಿನ ಪ್ರವೇಶವಾಗುತ್ತದೆ.

ಶತಮಾನಗಳಿಂದ ಬಿಸಿಲು ಬೀಳದ, ಮಳೆ ತಾಗದ ಹಳೆಯ ಕಟ್ಟಡಗಳ ಒಳಭಾಗದ ಮಣ್ಣು ಈ ಕೆಲಸಕ್ಕೆ ಆಗಬೇಕು. ಬಯಲಿನ ಮಣ್ಣು ಆಗದು. ಹಿರಿಯರು ಮೂಲೆಯಲ್ಲಿದ್ದ ಡಬ್ಬದಿಂದ ಒಂದು ಹಿಡಿಯನ್ನು ತೆಗೆದು ಅಂಗೈಯಲ್ಲಿ ಹರಡಿದರು. ನೋಡುವುದಕ್ಕೆ ನಮ್ಮ ಹಿತ್ತಲ ಮಣ್ಣಿಗಿಂತ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. “ಛಲೋ ಮಣ್ಣು ಯಾವುದಂತ ಹೆಂಗ ಗೊತ್ತಾಗತದರಿ?” ಎಂದು ಅವರ ಭಾಷೆಯನ್ನೇ ಅನುಕರಿಸಲು ಯತ್ನಿಸುತ್ತ ನಾನು ಕೇಳಿದೆ. ಅವರು ಚಿಟಿಕೆ ಮಣ್ಣನ್ನು ನಾಲಗೆಗೆ ಹಚ್ಚಿಕೊಂಡು ಕ್ಷಣಕಾಲ ಕಣ್ಣು ಮುಚ್ಚಿ, “ನಾಲಗಿ ಹೇಳ್ತದ ಸಾಹೇಬ್ರ” ಎಂದರು. ಬಿದರಿಯವರೆಲ್ಲರೂ ಹೀಗೆಯೇ ಮಣ್ಣನ್ನು ರುಚಿ ನೋಡಿ ಆರಿಸುತ್ತಾರಂತೆ. ನಾನೂ ಧೈರ್ಯ ಮಾಡಿ ನಾಲಗೆಯ ತುದಿಗೆ ತಾಗಿಸಿಕೊಂಡೆ. ಮಣ್ಣು ತಿಂದ ಬಾಲಕೃಷ್ಣನ ಬಾಯಲ್ಲಿ ಯಶೋದೆಗೆ ಹದಿನಾಲ್ಕು ಲೋಕಗಳು ಕಂಡುವು. ನನ್ನ ಬಾಯನ್ನು ಇಣುಕಿ ನೋಡಿದ ಸ್ನೇಹಿತರಿಗೆ ಕಂಡದ್ದು ಕೆಂಪಾದ ನಾಲಗೆ ಮಾತ್ರ. ನನಗಾದರೋ ಕೊಂಚ ಉಪ್ಪಿನ ಅನುಮಾನ ಬಂದುದಷ್ಟೆ.

ಆ ಅನುಮಾನ ನಿರಾಧಾರವಲ್ಲ. ಹಳೆಯ ಗೋಡೆಗಳ ಮಣ್ಣಿನಲ್ಲಿ ಕಾಲಕ್ರಮದಿಂದ ಪೆಟ್ಲುಪ್ಪಿನ ಜಾತಿಯ ಲವಣಗಳು ಸೇರಿಕೊಳ್ಳುತ್ತವೆಂದೂ, ಸತುವನ್ನು ಕಪ್ಪಾಗಿಸುವುದರಲ್ಲಿ ಅವುಗಳ ಕೈವಾಡವಿದೆಯೆಂದೂ ರಸಾಯನಶಾಸ್ತ್ರ ಬಲ್ಲವರು ವಿವರಿಸುತ್ತಾರೆ. ಪೆಟ್ಲುಪ್ಪು ಸಿಡಿಮದ್ದಿನ ಪ್ರಧಾನ ದ್ರವ್ಯವೆಂಬುದನ್ನು ನೆನೆದಾಗ ನನಗೊಂದು ಯೋಚನೆ ಬಂತು: ಗವಾನನ ವಿದ್ಯಾಲಯದ ಗೋಡೆಯನ್ನು ಹಾರಿಸಿದ ಲವಣವೂ ಈ ಹೂಜಿಗೆ ಕಾಂತಿಯನ್ನು ಕೊಡುವ ಲವಣವೂ ಒಂದೇ ಕುಲದವು! ಕೇಡು ಕಲೆಗಳೆರಡಕ್ಕೂ ಒಂದೇ ಅಂಗಡಿಯಿಂದ ಸಾಮಗ್ರಿ ಸರಬರಾಜಾದ ಊರು ಬೇರೆ ಎಲ್ಲಿದ್ದೀತು?

ಅಂಗಳದಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಆ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ಅದರೊಳಗೆ ಅದ್ದಿ, ಮೈಗೆಲ್ಲ ತಾಗುವಂತೆ ತಿರುಗಿಸಿ ತಿಕ್ಕಿದರು. ಹೊರಗೆ ತೆಗೆದು ತಣ್ಣೀರಿನಲ್ಲಿ ತೊಳೆದದ್ದೇ ತಡ, ಮಸುಕಾಗಿದ್ದ ಸತುವೆಲ್ಲ ಅಚ್ಚಗಪ್ಪಾಗಿತ್ತು. ಬೆಳ್ಳಿಗೆ ಮಾತ್ರ ಏನೂ ಆಗಿರಲಿಲ್ಲ. ಅಳಿಸಿಹೋಗಿತ್ತೆಂದುಕೊಂಡ ಬಳ್ಳಿ, ಹೂವು, ಎಲೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ರಾಚಿದುವು. ಕಪ್ಪಿಗೆ ಕಾರಣ ಬಣ್ಣವಲ್ಲವಾದ್ದರಿಂದ ಅದು ಸಿಪ್ಪೆಯೇಳುವುದೂ ಇಲ್ಲ. ಲೋಹವೇ ಮೈಬಣ್ಣವನ್ನು ಬದಲಾಯಿಸಿಕೊಂಡಿರುತ್ತದೆ. ಕೊನೆಗೆ ಎಣ್ಣೆಯ ಬಟ್ಟೆಯಿಂದ ಒರಸಿದಾಗ ಆ ಕಪ್ಪಿಗೆ ಬಂದ ಗಾಂಭೀರ್ಯವನ್ನು ನಾನು ವರ್ಣಿಸುವುದಕ್ಕಿಂತ ವಾಚಕರು ಹೋಗಿ ನೋಡುವುದೇ ಮೇಲು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ 17ನೆಯ ಶತಮಾನದ ಬಿದರಿ ಹುಕ್ಕಾಬುಡಗಳನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ತೋರಿಸುತ್ತಾರೆ. ಇಲ್ಲಿ ಅಂಗಳದ ನೆಲದ ಮೇಲೆ ಅದೇ ವಂಶದ ಕೂಸೊಂದು ಒದ್ದೆ ಮೈಯಲ್ಲಿ ಕುಳಿತಿತ್ತು.

ಇನ್ನು ವ್ಯಾಪಾರ. ಮಗಳ ಅತ್ತೆಯವರಿಗೆಂದು ನಾನು ಒಂದು ಗೇಣುದ್ದದ ಹೂಜಿಯನ್ನು ಆರಿಸಿದೆ. ಹಿರಿಯರು 2,400 ರೂಪಾಯಿ ಎಂದರು. ಅಷ್ಟು ಹೊತ್ತೂ ಚಹಾ ಕುಡಿಯುತ್ತ ತಟಸ್ಥರಾಗಿದ್ದ ನನ್ನ ಸ್ನೇಹಿತರು ಬಟ್ಟಲನ್ನು ಕೆಳಗಿಟ್ಟು, ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು, “ಯಜಮಾನರೇ, ಇದರಲ್ಲಿ ಬೆಳ್ಳಿ ಎಷ್ಟು ತೂಕವಿದೆ?” ಎಂದು ವಿಚಾರಣೆಯನ್ನು ಆರಂಭಿಸಿದರು. ಬೆಳ್ಳಿಯ ಅಂದಿನ ಧಾರಣೆ ಅವರಿಗೆ ಕಂಠಪಾಠ; ಸತುವಿನದನ್ನು ಕೇಳಿ ತಿಳಿದುಕೊಂಡರು. ಎರಡನ್ನೂ ಗುಣಿಸಿ ಕೂಡಿ, ಕೂಲಿಗೆಂದು ಉದಾರವಾಗಿ ಇನ್ನಷ್ಟನ್ನು ಸೇರಿಸಿ, 1,200ಕ್ಕಿಂತ ಒಂದು ಕಾಸೂ ಹೆಚ್ಚಲ್ಲವೆಂದು ತೀರ್ಪಿತ್ತರು. ನನಗೆ ನೆಲಕ್ಕಿಳಿದುಹೋದಂತಾಯಿತು. ಅಷ್ಟು ಹೊತ್ತು ಕೂರಿಸಿಕೊಂಡು, ಚಹಾ ಕೊಟ್ಟು, ತಮ್ಮ ಕುಲವಿದ್ಯೆಯನ್ನೆಲ್ಲ ಬಿಚ್ಚಿ ತೋರಿಸಿದ ಮನುಷ್ಯರೊಡನೆ ಚೌಕಾಸಿ ಮಾಡುವುದೆಂದರೆ ಉಂಡ ಮನೆಯಲ್ಲಿ ಅಕ್ಕಿಯ ಧಾರಣೆಯನ್ನು ಚರ್ಚಿಸಿದ ಹಾಗೆಯೇ.

ಹಿರಿಯರಿಗೆ ಕೋಪ ಬರಲಿಲ್ಲ. “ಲೆಕ್ಕಾ ಮಾಡೋರು ನೀವ್ ಇದ್ದೀರಿ, ನನಗ ಬರೂದಿಲ್ಲ. ನಾ ಹೇಳ್ತೀನಿ, ನೀವ ಬರೀರಿ” ಎಂದರು. ಸ್ನೇಹಿತರು ಜೇಬಿನಿಂದ ಲೇಖನಿಯನ್ನು ತೆಗೆದು ಒಂದು ಕಾಗದದ ಬೆನ್ನ ಮೇಲೆ ಗೆರೆಯೆಳೆದು ಕಲಮುಗಳನ್ನು ಮಾಡಿಕೊಂಡರು. ಎರಕದವನಿಗೆ ಇಷ್ಟು, ಚರಕಿಯವನಿಗೆ ಇಷ್ಟು, ಉಳಿಯ ಕೆಲಸ ಎರಡು ದಿನ, ಬೆಳ್ಳಿ ಕೂರಿಸುವುದು ಎರಡೂವರೆ ದಿನ, ತಿಕ್ಕುವುದಕ್ಕೆ ಅರ್ಧ ದಿನ, ಇದ್ದಿಲು, ನವಸಾಗರ, ಎಣ್ಣೆ, ಅಂಗಡಿಯ ಬಾಡಿಗೆಯ ಪಾಲು, ಎರಕದಲ್ಲಿ ಒಡೆದುಹೋದವುಗಳ ನಷ್ಟ. ದಿನಗೂಲಿಯ ದರವನ್ನು ಸ್ನೇಹಿತರೇ, ಊರಿನಲ್ಲಿ ಗಾರೆಯವನಿಗೆ ಕೊಡುವಷ್ಟೆಂದು ನಿಗದಿ ಮಾಡಿದರು. “ಮಣ್ಣಿಗೆ?” ಎಂದು ಅವರು ಲೇಖನಿಯನ್ನು ಎತ್ತಿ ಹಿಡಿದು ಕೇಳಿದಾಗ ಹಿರಿಯರು, “ಮಣ್ಣಿಗಿ ಏನ್ ಹಚ್ಚತೀರಿ ಸಾಹೇಬ್ರ, ಅದು ಸುಲ್ತಾನರದು” ಎಂದರು. ಮಣ್ಣಿನ ಎದುರಿಗೆ ಸೊನ್ನೆ ಬಿತ್ತು.

ಸ್ನೇಹಿತರು ಕೆಳಗಿನಿಂದ ಮೇಲಕ್ಕೆ ಕೂಡಿದರು. ಮೇಲಿನಿಂದ ಕೆಳಕ್ಕೆ ಕೂಡಿದರು. ಮೊತ್ತ 2,400ನ್ನು ದಾಟಿ ಬಹುದೂರ ಹೋಗಿತ್ತು. ಲೆಕ್ಕ ತಪಾಸಣೆಯವರಿಗೆ ನಷ್ಟವೂ ಲಾಭದಷ್ಟೇ ಅಸಹ್ಯ. ತಾಳೆಯಾಗದಿರುವುದೇ ಅವರ ದೃಷ್ಟಿಯಲ್ಲಿ ಮಹಾಪಾತಕ. “ಇದೇನ್ರೀ ಇದು? ಈ ರೀತಿ ಮಾರಿದರೆ ನಿಮಗೆ ಗಿಟ್ಟುವುದು ಹೇಗೆ?” ಎಂದು ಅವರು ಹಿರಿಯರನ್ನು ಗದರಿಸಿಯೇಬಿಟ್ಟರು. ಸೊಸೆಗೆ ಕೂಲಿ ಕೊಡುವುದಿಲ್ಲವೆಂದೂ, ತಮ್ಮದನ್ನು ತಾವು ಲೆಕ್ಕ ಹಿಡಿಯುವುದಿಲ್ಲವೆಂದೂ, ಹಾಗಾಗಿ ಹೇಗೋ ನಡೆಯುತ್ತದೆಂದೂ ಅವರು ಸಮಾಧಾನ ಹೇಳಿದರು. ನನ್ನ ಸ್ನೇಹಿತರಿಗೆ ಸಮಾಧಾನವಾಗಲಿಲ್ಲ. ಕಡೆಗೆ ಅವರು 2,400ನ್ನು ತಾವೇ ಎಣಿಸಿ ಕೊಟ್ಟು, ನಾನು ಕೊಡುವುದಕ್ಕೆ ಅವಕಾಶವಿಲ್ಲದಂತೆ ಹೂಜಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ಕಾಗದವನ್ನು ಹಿರಿಯರ ಕೈಗಿತ್ತು, ಇನ್ನು ಮುಂದೆ ಗಿರಾಕಿಗಳು ಚೌಕಾಸಿ ಮಾಡಿದರೆ ಇದನ್ನು ತೋರಿಸಬೇಕೆಂದು ಆಜ್ಞಾಪಿಸಿದರು. ಮಗಳ ಅತ್ತೆಯವರಿಗೆ ನಾನು ಬೇರೊಂದನ್ನು ಹುಡುಕಬೇಕಾಯಿತು. ಅದರ ಜೊತೆಗೆ ನನಗೆಂದೇ ಮುಚ್ಚಳವಿರುವ ಒಂದು ಪಾನಿನ ಡಬ್ಬಿಯನ್ನೂ ಕೊಂಡೆ. ಎಲೆಯಡಿಕೆಯ ಅಭ್ಯಾಸವಿಲ್ಲದ ನಮ್ಮ ಮನೆಯಲ್ಲಿ ಅದೀಗ ಸೂಜಿದಾರಗಳಿಗೂ ಕಿತ್ತುಬಂದ ಅಂಗಿಯ ಗುಂಡಿಗಳಿಗೂ ಆಶ್ರಯ ಕೊಟ್ಟಿದೆ.

ಬಿದರಿಯ ಹಣೆಬರಹವೇ ಹೀಗೆ ಒಂದಕ್ಕೆಂದು ಹುಟ್ಟಿ ಇನ್ನೊಂದಕ್ಕಾಗಿ ಬಾಳುವುದು. ನವಾಬರ ಹುಕ್ಕಾ, ಪೀಕದಾನಿ, ಪಾನ್‌ದಾನ್, ಕೈತೊಳೆಯುವ ಗಿಂಡಿ ಇವುಗಳಿಗಾಗಿ ಹುಟ್ಟಿದ ಕಲೆಯಿದು. ಹುಕ್ಕಾ ಹೋಯಿತು, ನವಾಬರು ಹೋದರು, ಉಗುಳುವುದು ಉಳಿದಿದ್ದರೂ ಅದಕ್ಕೆ ಪಾತ್ರೆಯನ್ನು ಬಳಸುವ ಸಭ್ಯತೆ ಹೋಯಿತು. ಕಸುಬುದಾರರು ಮಾತ್ರ ಕಾಲಕ್ಕೆ ತಕ್ಕ ಹಾಗೆ ಹೂದಾನಿ, ಬೂದಿದಾನಿ, ಅಂಗಿಯ ಗುಂಡಿ, ಈಚೀಚೆಗೆ ಕಂಪ್ಯೂಟರಿನ ಪೆನ್‌ಡ್ರೈವಿನ ಕವಚದವರೆಗೂ ಬಂದಿದ್ದಾರೆ. ಇದನ್ನು ಕಂಡು ಮೂಗು ಮುರಿಯುವ ಕಲಾರಸಿಕರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಗುಂಡಿಯ ಮೇಲೆ ಬಿಡಿಸಿದ ಹೂವು ಹುಕ್ಕಾದ ಮೇಲಿನ ಹೂವಿಗಿಂತ ಕೀಳಲ್ಲ. ಆದರೆ ಬೀಗದ ಕೈಗೊಂಚಲಿಗೆ ಈ ಕಲೆ ಸಲ್ಲದು. ಜೇಬಿನಲ್ಲಿ ಚಿಲ್ಲರೆಯ ಜೊತೆ ತಾಗಾಡುವ ವಸ್ತುವಿಗೆ ಅಷ್ಟು ಸೂಕ್ಷ್ಮವಾದ ಕೆಲಸವನ್ನು ವ್ಯಯ ಮಾಡುವುದು, ಕೊಳ್ಳುವ ನಮ್ಮ ಅಲ್ಪತೆಗೆ ಮಾಡುವವರು ತೆರುವ ದಂಡ. ಈ ಕಲೆಯ ಹಿರಿಯ ಕುಶಲಿಗಳಲ್ಲಿ ಒಬ್ಬರಾದ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಬಿದರಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಉಂಟು. ಹೈದರಾಬಾದಿನಲ್ಲಿಯೂ ಬಿದರಿಯನ್ನು ಮಾಡುವ ಕುಟುಂಬಗಳಿವೆ, ಅವರ ಕೈಯೂ ಕೀಳಲ್ಲ; ಬೀದರಿನ ಮಣ್ಣಿಗಾಗಿ ಮಾತ್ರ ಅವರು ಇಲ್ಲಿನ ದಾರಿಯನ್ನೇ ನೋಡಬೇಕು.

ಬಿದರಿಯನ್ನು ಕೊಳ್ಳಲು ಬೀದರಿಗೇ ಹೋಗಬೇಕೆಂಬ ನಿರ್ಬಂಧವೇನೂ ಇಲ್ಲ. ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ನಂಬಿಕೆಯ ಸಾಮಾನು ಸಿಗುತ್ತದೆ; ಮನೆಯಲ್ಲಿ ಕುಳಿತೇ ತರಿಸಿಕೊಳ್ಳುವ ಅನುಕೂಲವೂ ಈಗ ಇದೆ. ಆದರೆ ಬೇರೆ ಊರಿನ ಬೀದಿಬದಿಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಬಿದರಿಯಲ್ಲ. ಕೈಗೆತ್ತಿಕೊಂಡಾಗ ಗಾತ್ರಕ್ಕೆ ಮೀರಿದ ಭಾರವಿರಬೇಕು. ಬೆಳ್ಳಿಯ ಎಳೆಯ ಮೇಲೆ ಬೆರಳಾಡಿಸಿದರೆ ಏರುತಗ್ಗು ಬೆರಳಿಗೆ ತಿಳಿಯಬಾರದು. ಕಪ್ಪು ಮೈ ಉಗುರಿಗೆ ಸುಲಿದು ಬಂದರೆ ಅದು ಬಳಿದ ಬಣ್ಣ, ಅಲ್ಲಿಂದ ಎದ್ದು ಬರತಕ್ಕದ್ದು.

ಕೊಂಡುಬಂದ ಮೇಲಿನ ಅಪಾಯ ಮಾತ್ರ ಮನೆಯೊಳಗೇ ಇರುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ, ಮದುವೆಯ ಉಡುಗೊರೆಯಾಗಿ ಬಂದಿದ್ದ ಹಳೆಯ ಬಿದರಿ ತಟ್ಟೆಯನ್ನು ಹಬ್ಬದ ಉತ್ಸಾಹದಲ್ಲಿ ಹಿತ್ತಾಳೆಯ ಪಾತ್ರೆಗಳೊಡನೆ ಸೇರಿಸಿ ಹುಣಿಸೆಹಣ್ಣಿನಿಂದ ಚೆನ್ನಾಗಿ ತಿಕ್ಕಿಟ್ಟರು. ಶತಮಾನಗಳ ಮಣ್ಣು ಕೊಟ್ಟ ಕಪ್ಪು ಒಂದು ಬೆಳಗಿನಲ್ಲಿ ಚರಂಡಿಗೆ ಹೋಗಿ, ತಟ್ಟೆ ಬೂದಿಬಡುಕನಾಗಿ ಮಲಗಿತು. ಅವರು ಅಪ್ರತಿಭರಾಗಿ ಅದನ್ನು ಮೂಲೆಗೆ ಸೇರಿಸುವುದರಲ್ಲಿದ್ದರು. ಬೀದರಿಗೆ ಹೋಗುವವರ ಕೈಯಲ್ಲಿ ಕಳುಹಿಸಿದಾಗ, ಮತ್ತೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಂಡು ಅದು ಮೊದಲಿನ ಕಾಂತಿಯಲ್ಲಿಯೇ ಹಿಂದಿರುಗಿತು. ಬೆಳ್ಳಿಯ ಒಂದೆಳೆಯೂ ಅಲುಗಿರಲಿಲ್ಲ.

ಆದ್ದರಿಂದ ಬೀದರಿಗೆ ಹೋಗುವ ವಾಚಕರಲ್ಲಿ ನನ್ನ ಬಿನ್ನಹವಿಷ್ಟು. ಬೆಳಗಿನ ತಂಪಿನಲ್ಲಿಯೇ ಕೋಟೆಯನ್ನು ನೋಡಿ ಮುಗಿಸಿ. ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಅಲ್ಲಿನವರನ್ನು ವಿನಯದಿಂದ ಕೇಳಿ ತೆಗೆಸಿ ನೋಡಿ. ಚೌಬಾರಾದ ಬಳಿಯ ಅಂಗಡಿಯಲ್ಲಿಯೇ ನಿಂತುಬಿಡದೆ ಹಿಂದಿನ ಓಣಿಗೆ ಹೋಗಿ, ಕರೆದರೆ ಕುಳಿತು, ಕೊಟ್ಟ ಚಹಾವನ್ನು ಕುಡಿದು, ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಕೊಳ್ಳಿ. ಹೇಳಿದ ಬೆಲೆಯನ್ನು ಕೊಡಿ. ಲೋಹ ಪೆಡಸಾದ್ದರಿಂದ ಕೆಳಗೆ ಬಿದ್ದರೆ ಒಡೆದೀತು, ಬಟ್ಟೆಯಲ್ಲಿ ಸುತ್ತಿ ತನ್ನಿ. ಮನೆಗೆ ಬಂದ ಮೇಲೆ ಹುಣಿಸೆಹಣ್ಣನ್ನೂ ಪಾತ್ರೆ ತಿಕ್ಕುವ ಪುಡಿಯನ್ನೂ ಅದರ ಹತ್ತಿರ ಸುಳಿಯಗೊಡಬೇಡಿ. ಆಗಾಗ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು.